ಬಾವಿ 12: ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ದಾರಿ ಸರಿ ಮಾಡಿದ ಪ್ರಕರಣ

ಅಜ್ಜಿಯ ಕೈಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇತ್ತು, ಮುಕ್ಕಾಲು ಖಾಲಿಯಾಗಿತ್ತು. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಂದವರು. ನೀರು ಕುಡಿದು, ಮೂತ್ರಕ್ಕೆ ಹೋಗದೆ ತಡೆದುಕೊಂಡು ಹೋಗಬೇಕು ಅಂತ ಹೇಳಿ ಕಳಿಸಿದ್ದರು. ಜೊತೆಗೆ ಮೊಮ್ಮಗಳು, ಕಾಲೇಜು ಹುಡುಗಿ. ಇಬ್ಬರೂ ಅದೇ ಮೆಟ್ಟಿಲನ್ನು ಮೂರನೇ ಸಲ ಹತ್ತುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಕೂತಿದ್ದ ಸೆಕ್ಯುರಿಟಿ ಅಣ್ಣ "ಅಮ್ಮಾ, ಅಲ್ಲಲ್ಲ, ಈಚೆ ಬನ್ನಿ" ಅಂತ ಕರೆಯುವಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು ನಿಂತೇಬಿಟ್ಟರು. "ಇನ್ನು ನನ್ನಿಂದ ಆಗುದಿಲ್ಲ ಮಗಾ" ಅಂದರು. ಅವರು ಹಿಡಿದು ನಿಂತ ಗೋಡೆಯ ಮೇಲೆಯೇ ದೊಡ್ಡ ಬೋರ್ಡು ಇತ್ತು. 'ರೇಡಿಯೋಲಜಿ ಮತ್ತು ಇಮೇಜಿಂಗ್ ವಿಭಾಗ', ಬಾಣ ಸಮೇತ. ಸ್ಕ್ಯಾನಿಂಗ್ ಕೋಣೆ ಇರುವುದು ಆ ವಿಭಾಗದಲ್ಲೇ. ಮೊಮ್ಮಗಳು ಆ ಬೋರ್ಡನ್ನು ಓದಿದ್ದಳು ಕೂಡ. ಆದರೆ ಅವಳ ಕೈಯ ಚೀಟಿಯಲ್ಲಿ ಬರೆದದ್ದು 'ಯುಎಸ್‌ಜಿ', ಸಿಸ್ಟರ್ ಬಾಯಲ್ಲಿ ಹೇಳಿದ್ದು 'ಸ್ಕ್ಯಾನಿಂಗ್'. ಒಂದು ಕೋಣೆಗೆ ಮೂರು ಹೆಸರು. ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಇದು ನಾವು ಅಲ್ಲಿ ಕೆಲಸ ಶುರು ಮಾಡಿದ ಎರಡನೇ ದಿನ ಕಂಡದ್ದು. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಇಲ್ಲಿ ಅದು ಮುಖ್ಯವೂ ಅಲ್ಲ. ಮಂಗಳೂರು ನಗರದೊಳಗಿನದು, ಹಳೆಯದು, ನಡುಗಾತ್ರದ್ದು. ಜಿಲ್ಲೆಯವರು ಮಾತ್ರ ಅಲ್ಲ, ಕಾಸರಗೋಡು, ಚಿಕ್ಕಮಗಳೂರು, ಭಟ್ಕಳದ ಕಡೆಯಿಂದಲೂ ಜನ ಬರುತ್ತಾರೆ. ಆಡಳಿತದವರು ನಮ್ಮನ್ನು ಕರೆದದ್ದು "ಬೋರ್ಡುಗಳನ್ನೆಲ್ಲ ಹೊಸದು ಮಾಡಿಕೊಡಿ, ಸ್ವಲ್ಪ ಚೆಂದ ಕಾಣಲಿ" ಅಂತ. ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಹುಡುಗಿ, ಇಬ್ಬರೂ ಅಳತೆ ತೆಗೆಯಲು ಟೇಪು ಹಿಡಿದುಕೊಂಡು ಹೋಗಿದ್ದೆವು. ಆ ಅಜ್ಜಿಯನ್ನು ನೋಡಿದ ಮೇಲೆ ಟೇಪು ಬ್ಯಾಗಿನೊಳಗೆ ಹೋಯಿತು. ಮುಂದಿನ ಎರಡು ವಾರ ಅದನ್ನು ಹೊರಗೆ ತೆಗೆಯಲೇ ಇಲ್ಲ.

ಈ ಕೆಲಸಕ್ಕೆ ವೇಫೈಂಡಿಂಗ್ ಅನ್ನುತ್ತಾರೆ. ಜನರಿಗೆ ದಾರಿ ತಾನಾಗಿ ತಿಳಿಯುವ ಹಾಗೆ ಜಾಗವನ್ನೂ ಅಕ್ಷರವನ್ನೂ ಚಿತ್ರವನ್ನೂ ಒಟ್ಟಿಗೆ ಹೊಂದಿಸುವುದು. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲೇ ಇದರ ಬಗ್ಗೆ ಬರೆದಿದ್ದರು. ಜನ ಒಂದು ಊರನ್ನು ತಲೆಯೊಳಗೆ ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ನೋಡಿ, ಐದು ಸಂಗತಿ ಹೇಳಿದರು: ದಾರಿ, ಅಂಚು, ವಠಾರ, ದಾರಿಗಳು ಕೂಡುವ ಜಾಗ, ಮತ್ತು ಗುರುತು. ಜಾಗಗಳಿಗೆ ಗ್ರಾಫಿಕ್ಸ್ ಮಾಡುವವರು ಅಲ್ಲಿ 1973ರಲ್ಲಿ ತಮ್ಮದೇ ಸಂಘವನ್ನೂ ಕಟ್ಟಿಕೊಂಡರು. ನಮ್ಮಲ್ಲಿ ಇದು ಇನ್ನೂ ಫ್ಲೆಕ್ಸ್ ಹೊಡೆಸುವ ಕೆಲಸ ಅಂತಲೇ ಲೆಕ್ಕ. ಕಟ್ಟಡ ಎಲ್ಲ ಮುಗಿದು, ಉದ್ಘಾಟನೆಗೆ ಎರಡು ದಿನ ಇರುವಾಗ ಬೋರ್ಡಿನವರನ್ನು ಕರೆಯುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಗುಡ್ಡದ ಮೇಲಿನ ಕಟ್ಟಡ

ಮಂಗಳೂರು ಸಮತಟ್ಟು ಊರಲ್ಲ ಅಂತ ಇಲ್ಲಿ ನಡೆದಾಡಿದವರಿಗೆಲ್ಲ ಗೊತ್ತು. ಈ ಆಸ್ಪತ್ರೆ ಇಳಿಜಾರಿನಲ್ಲಿ ಕೂತಿದೆ. ಕಾರಿನಲ್ಲಿ ಬಂದವರು ಮೇಲಿನ ರಸ್ತೆಯಿಂದ ಒಳಗೆ ಬರುತ್ತಾರೆ. ಬಸ್ಸಿಳಿದು ಬಂದವರು ಕೆಳಗಿನ ಗೇಟಿನಿಂದ. ಮೇಲಿನ ಗೇಟಿನಿಂದ ಬಂದವರಿಗೆ ಯಾವುದು ನೆಲಮಹಡಿಯೋ ಕೆಳಗಿನ ಗೇಟಿನಿಂದ ಬಂದವರಿಗೆ ಅದು ಎರಡನೇ ಮಹಡಿ. ಲಿಫ್ಟಿನ ಒಳಗೆ 'ಎಲ್‌ಜಿ', 'ಯುಜಿ', 'ಜಿ', ಆಮೇಲೆ 1. "ಒಂದನೇ ಮಹಡಿಗೆ ಹೋಗಿ" ಅಂತ ಹೇಳಿದರೆ ಯಾವ ಒಂದು?

ಕಟ್ಟಡ ಒಂದಲ್ಲ, ಮೂರು. ಎಲ್ಲಕ್ಕಿಂತ ಹಳೆಯದು ಕೆಂಪುಕಲ್ಲಿನದು, ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡುಗಳೆಲ್ಲ ಆ ಬಣ್ಣಕ್ಕೆ ತಿರುಗಿದವು, ಈ ಕಟ್ಟಡವೂ ಅದೇ ಸಾಲಿನದು. ಅದಕ್ಕೆ ತಾಗಿ ಕಾಂಕ್ರೀಟಿನ ಎರಡನೇ ಕಟ್ಟಡ, ಇತ್ತೀಚಿನ ಮೂರನೆಯದು. ಮೂರನ್ನೂ ಸೇರಿಸಲು ಮಧ್ಯೆ ಒಂದು ರ‍್ಯಾಂಪು, ಒಂದು ಸೇತುವೆಯಂಥ ಕಾರಿಡಾರು. ಕಾಗದದಲ್ಲಿ ಮೂರಕ್ಕೂ ದಾನಿಗಳ ಹೆಸರು ಉಂಟು. ಜನ ಮಾತ್ರ ಹೇಳುವುದು 'ಹಳೇ ಬಿಲ್ಡಿಂಗ್', 'ಹೊಸ ಬಿಲ್ಡಿಂಗ್'. ಅದರಲ್ಲೂ ವಯಸ್ಸಾದವರು 'ಹೊಸ ಬಿಲ್ಡಿಂಗ್' ಅಂದರೆ ಎರಡನೆಯದು, ಕಾಲೇಜು ಮಕ್ಕಳು ಅಂದರೆ ಮೂರನೆಯದು.

ಇಲ್ಲಿ ನಮಗೆ ಪಾಠ ಹೇಳಿದ್ದು ಊರೇ. ಜ್ಯೋತಿ ಟಾಕೀಸ್ ಈಗ ಇಲ್ಲ, ಆ ವೃತ್ತಕ್ಕೆ ಅಂಬೇಡ್ಕರ್ ಹೆಸರಿದೆ, ಆದರೂ ಬಸ್ಸಿನ ಕಂಡಕ್ಟರು 'ಜ್ಯೋತಿ ಜ್ಯೋತಿ' ಅಂತಲೇ ಕೂಗುತ್ತಾರೆ. ಬಸ್‌ಸ್ಟ್ಯಾಂಡಿಗೆ 'ಸ್ಟೇಟ್‌ಬ್ಯಾಂಕ್' ಅಂತ ಹೆಸರು. ಹೊರಗಿನಿಂದ ಬಂದವರು ಬ್ಯಾಂಕಿಗೆ ಹೋಗುವ ಬಸ್ಸು ಅಂದುಕೊಳ್ಳುತ್ತಾರೆ. ಪಂಪ್‌ವೆಲ್‌ನಲ್ಲಿ 2020ರಲ್ಲಿ ಫ್ಲೈಓವರ್ ಬಂತು, ಹೆಸರು ಪಂಪ್‌ವೆಲ್ ಆಗಿಯೇ ಉಳಿಯಿತು. ಕಣ್ಣಿಗೆ ಕಂಡ ಒಂದು ವಸ್ತುವಿನ ಹೆಸರು ಬಾಯಿಗೆ ಕೂತರೆ ಮತ್ತೆ ಏಳುವುದಿಲ್ಲ, ಅಲ್ವಾ? ಹಾಗಾದರೆ ಆಸ್ಪತ್ರೆಯೊಳಗೆ ಅಂಥ ವಸ್ತು ಯಾವುದು ಅಂತ ಹುಡುಕಲು ಹೊರಟೆವು.

ಸೆಕ್ಯುರಿಟಿ ಅಣ್ಣನ ನೋಟುಬುಕ್ಕು

ಆಸ್ಪತ್ರೆಯಲ್ಲಿ ದಾರಿಯ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಗೊತ್ತಿರುವುದು ಮೆಟ್ಟಿಲ ಬುಡದ ಆ ಅಣ್ಣನಿಗೆ. ಅವರಿಗೆ ಒಂದು ಇನ್ನೂರು ಪುಟದ ನೋಟುಬುಕ್ಕು ತಂದುಕೊಟ್ಟೆವು. ಯಾರು ಏನು ಕೇಳಿದರೂ ಅದೇ ಮಾತಿನಲ್ಲಿ ಬರೆಯಬೇಕು, ಮತ್ತೆ ಕೇಳಿದರೆ ಪಕ್ಕಕ್ಕೊಂದು ಗೀಟು. ಅವರು ಖುಷಿಯಿಂದ ಒಪ್ಪಿದರು. ಬರೆಯುತ್ತಾ ಬರೆಯುತ್ತಾ ಒಂದು ಮಾತು ಹೇಳಿದರು, ಇಡೀ ಕೆಲಸಕ್ಕೆ ಅದೇ ಕೀಲಿ ಆಯಿತು: "ಬೋರ್ಡು ಓದುದಿಲ್ಲ ಅಂತ ಅಲ್ಲ ಮೇಡಂ. ಓದ್ತಾರೆ. ಓದಿ ಆದ ಮೇಲೆ ನನ್ನತ್ರ ಬಂದು, ಇದುವೇ ಹೌದಾ ಅಂತ ಕೇಳ್ತಾರೆ."

ಅಂದರೆ ಜನರಿಗೆ ಬೇಕಾದದ್ದು ಬರೀ ದಾರಿ ಅಲ್ಲ, ಹಿಡಿದ ದಾರಿ ಸರಿ ಅನ್ನುವ ಧೈರ್ಯ. ಆಸ್ಪತ್ರೆಗೆ ಯಾರೂ ಸುಮ್ನೆ ಬರುವುದಿಲ್ಲ. ಹೆದರಿಕೆ, ನೋವು, ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ತಂದೆಯ ತೋಳು. ಅಂಥ ಹೊತ್ತಿನಲ್ಲಿ ಓದಿದ್ದು ತಲೆಗೆ ಹತ್ತುವುದೇ ಕಷ್ಟ.

ನೋಟುಬುಕ್ಕಿನಲ್ಲಿ ಇದ್ದ ಮಾತುಗಳು: 'ರಕ್ತ ಕೊಡುದು ಎಲ್ಲಿ', 'ಎಲುಬಿನ ಡಾಕ್ಟ್ರು', 'ಚೀಟಿ ಮಾಡ್ಸುದು', 'ಹೆಂಗಸರ ಡಾಕ್ಟ್ರು', 'ಮದ್ದು ಕೊಡುವಲ್ಲಿ'. ಬೋರ್ಡಿನಲ್ಲಿ ಇದ್ದದ್ದು: ಬಯೋಕೆಮಿಸ್ಟ್ರಿ, ಆರ್ಥೋಪೆಡಿಕ್ಸ್, ಹೊರರೋಗಿ ನೋಂದಣಿ ವಿಭಾಗ, ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರ. ಎರಡರ ನಡುವೆ ಒಂದೇ ಒಂದು ಪದ ಹೊಂದಿದ್ದು 'ಎಕ್ಸ್‌ರೇ'. ಆ ಕೋಣೆಗೆ ಹೋಗಲು ಯಾರೂ ತಪ್ಪುತ್ತಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಗೀಟು ಬಿದ್ದದ್ದು ಯಾವುದಕ್ಕೆ ಗೊತ್ತಾ? ಕ್ಯಾಂಟೀನಿಗೆ. ಮೊದಲು ನನಗೆ ಆಶ್ಚರ್ಯ ಆಯಿತು. ಆಮೇಲೆ ನೋಡಿದರೆ ಅದು ತೀರ ಸಹಜ. ಶುಗರ್ ಪರೀಕ್ಷೆಗೆ ಬಂದವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಾರೆ, ತಿಂಡಿ ತಿನ್ನುತ್ತಾರೆ, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ಹಾಗಾಗಿ ಬೆಳಗ್ಗೆ ಬಂದ ಎಷ್ಟೋ ಜನರಿಗೆ ಕ್ಯಾಂಟೀನೂ ಪರೀಕ್ಷೆಯ ಒಂದು ಭಾಗವೇ. ಹಸಿದು, ತಲೆ ತಿರುಗುತ್ತಾ ಹುಡುಕುತ್ತಾರೆ. ಇಡೀ ಆಸ್ಪತ್ರೆಯಲ್ಲಿ ಕ್ಯಾಂಟೀನಿಗೆ ಒಂದು ಬಾಣವೂ ಇರಲಿಲ್ಲ. ಹಂಚಿನ ಕಟ್ಟಡದ ಹಿಂದೆ ಎಲ್ಲೋ ಬನ್ಸ್ ಕರಿಯುವ ವಾಸನೆ ಮಾತ್ರ ಬರುತ್ತಿತ್ತು. ಗೊತ್ತಿದ್ದವರು ಆ ವಾಸನೆ ಹಿಡಿದೇ ಹೋಗುತ್ತಿದ್ದರು.

ಇನ್ನೊಂದು ವಿಷಯ. ನಮ್ಮ ಜನ ವಿಭಾಗವನ್ನು ಕೇಳುವುದಕ್ಕಿಂತ ಡಾಕ್ಟರ ಹೆಸರನ್ನೇ ಕೇಳುತ್ತಾರೆ. ಯಾರೋ ಸಂಬಂಧಿಕರು ಹೇಳಿ ಕಳಿಸಿರುತ್ತಾರೆ, ಅದೇ ಹೆಸರು ಬಾಯಲ್ಲಿ ಇರುತ್ತದೆ. ಡಾಕ್ಟರು ದಿನಕ್ಕೊಂದು ಕೋಣೆಯಲ್ಲಿ ಕೂರುವುದೂ ಉಂಟು. ಹಾಗಾಗಿ ಎರಡೂ ಗೇಟಿನ ಒಳಗೆ ಒಂದೊಂದು ಪಟ್ಟಿ ಬೋರ್ಡು ಇಟ್ಟೆವು. ಹೆಸರಿನ ಪಟ್ಟಿಯನ್ನು ಜಾರಿಸಿ ತೆಗೆದು ಹಾಕುವಂಥದ್ದು, ಪಕ್ಕದಲ್ಲಿ ಕೋಣೆಯ ನಂಬರು. ಟಿವಿ ಪರದೆ ಹಾಕೋಣ ಅಂತ ಆಡಳಿತದವರು ಹೇಳಿದರು. ನಾನು ಬೇಡ ಅಂದೆ. ಪರದೆ ಹತ್ತು ಸೆಕೆಂಡಿಗೊಮ್ಮೆ ಬದಲಾದರೆ ನಿಧಾನ ಓದುವವರ ಕೈಗೆ ಹೆಸರು ಸಿಗುವುದೇ ಇಲ್ಲ.

ಹಂಚು, ಬಾವಿ, ಹಲಸು

ಎರಡನೇ ಕಟ್ಟಡದ ಅಂಗಳದಲ್ಲಿ ಹಳೆಯ ಬಾವಿ ಇದೆ. ಕೆಂಪುಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ಬಲೆ. ಮೂರನೇ ಕಟ್ಟಡದ ಎದುರು ಒಂದು ಹಲಸಿನ ಮರ, ರಸ್ತೆ ಮಾಡುವಾಗ ಉಳಿಸಿಕೊಂಡದ್ದು. ಮೊದಲನೆಯದಕ್ಕೆ ಹಂಚಿನ ಮಾಡು. ಹೀಗೆ ಮೂರಕ್ಕೂ ಹೆಸರು ಸಿಕ್ಕಿತು: ಹಂಚು, ಬಾವಿ, ಹಲಸು. ಪ್ರತಿಯೊಂದಕ್ಕೂ ಒಂದು ಚಿತ್ರ, ಒಂದು ಬಣ್ಣ.

ಇದು ನಮ್ಮ ತಲೆಯಿಂದ ಹುಟ್ಟಿದ್ದೇನೂ ಅಲ್ಲ. ಮೆಕ್ಸಿಕೊ ನಗರದಲ್ಲಿ 1969ರಲ್ಲಿ ಮೆಟ್ರೊ ಶುರುವಾದಾಗ ಲ್ಯಾನ್ಸ್ ವೈಮನ್ ಎಂಬ ಡಿಸೈನರ್ ಒಂದೊಂದು ನಿಲ್ದಾಣಕ್ಕೂ ಆ ಜಾಗಕ್ಕೆ ಸಂಬಂಧಪಟ್ಟ ಒಂದೊಂದು ಚಿತ್ರ ಮಾಡಿದರು. ಓದಲು ಬಾರದವರೂ ಚಿತ್ರ ನೋಡಿ ಇಳಿಯಬಹುದು. ನಮ್ಮಲ್ಲಿ ಓದು ಬಾರದವರಿಗಿಂತ ಬೇರೆ ಲಿಪಿ ಓದುವವರು ಜಾಸ್ತಿ. ಮಲಯಾಳಂ ಓದುವವರು, ಇಂಗ್ಲಿಷ್ ಮಾತ್ರ ಓದುವ ಹೊರರಾಜ್ಯದ ವಿದ್ಯಾರ್ಥಿಗಳು. ಬಾವಿಯ ಚಿತ್ರ ಎಲ್ಲರಿಗೂ ಬಾವಿಯೇ. 'ಬಾವಿ ಇರುವ ಕಡೆ' ಅಂದರೆ ಕಿಟಕಿಯಿಂದ ಇಣುಕಿ ನೋಡಿಯೂ ತಿಳಿಯಬಹುದು.

ದಾನಿಗಳ ಹೆಸರಿನ ವಿಷಯದಲ್ಲಿ ಸ್ವಲ್ಪ ಮಾತುಕತೆ ಆಯಿತು. ಅವರ ಹೆಸರನ್ನು ಪ್ರತಿ ಕಟ್ಟಡದ ಬಾಗಿಲಲ್ಲಿ ಕಲ್ಲಿನಲ್ಲಿ ಕೆತ್ತಿಸಿ, ಚೆನ್ನಾಗಿ ಬೆಳಕು ಬೀಳುವಲ್ಲಿ ಇಟ್ಟೆವು. ದಾರಿ ತೋರಿಸುವ ಬೋರ್ಡಿನಿಂದ ಮಾತ್ರ ತೆಗೆದೆವು.

ಮಹಡಿಗೆ ಕೆಳಗಿನ ಗೇಟಿನಿಂದ 0, 1, 2, 3 ಅಂತ ಒಂದೇ ಲೆಕ್ಕ. ಮೇಲಿನ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ದೊಡ್ಡದಾಗಿ 'ನೀವು 2ನೇ ಮಹಡಿಯಲ್ಲಿದ್ದೀರಿ'. ಲಿಫ್ಟಿನವರು ಬಂದು ಒಳಗಿನ ಬಟನ್ನುಗಳನ್ನೂ ಬದಲಿಸಿದರು. ಅದೊಂದು ಆಗದಿದ್ದರೆ ಉಳಿದದ್ದೆಲ್ಲ ವ್ಯರ್ಥ ಆಗುತ್ತಿತ್ತು.

ಆದರೆ ಬೋರ್ಡು ಬದಲಾದರೆ ಸಾಲದು, ಚೀಟಿಯೂ ಬದಲಾಗಬೇಕು. ಡಾಕ್ಟರು ಬರೆಯುವ ರೀತಿಯನ್ನು ನಾವು ತಿದ್ದಲು ಆಗುವುದಿಲ್ಲ. ಅವರಿಗೆ ಯುಎಸ್‌ಜಿ ಅಂತಲೇ ಬೇಕು, ಅದು ಅವರ ಕೆಲಸದ ಭಾಷೆ. ಅದಕ್ಕೆ ರಬ್ಬರ್ ಸ್ಟಾಂಪು ಮಾಡಿಸಿದೆವು. ಓಪಿಯ, ಅಂದರೆ ಹೊರರೋಗಿ ವಿಭಾಗದ, ಸಿಸ್ಟರ್ ಮೇಜಿನ ಮೇಲೆ ಸ್ಟಾಂಪುಗಳ ಸಾಲು. ಸ್ಕ್ಯಾನಿಂಗ್ ಅಂದರೆ ಬಾವಿಯ ಚಿತ್ರ, ಪಕ್ಕದಲ್ಲಿ 12. ಚೀಟಿಯ ಮೇಲೆ ಟಪ್ ಅಂತ ಒತ್ತಿ ಕೊಟ್ಟರೆ ಆಯಿತು. ಬೋರ್ಡಿನ ಮೇಲೆಯೂ ಅದೇ ಬಾವಿ, ಅದೇ 12, ಕೆಳಗೆ 'ಸ್ಕ್ಯಾನಿಂಗ್'. ಬಾಗಿಲ ಮೇಲೂ ಅದೇ. ಈಗ ಜನ "ಬಾವಿ ಹನ್ನೆರಡು ಎಲ್ಲಿ?" ಅಂತ ಕೇಳುತ್ತಾರೆ. ಕೇಳುವ ಮಾತೂ ಬೋರ್ಡಿನ ಮಾತೂ ಒಂದೇ ಆಯಿತು. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ವಸ್ತು ಆ ಸ್ಟಾಂಪು.

ಅಂಕಿಗೆ 12 ಬೇಕಾ, ೧೨ ಬೇಕಾ ಅಂತ ನಮ್ಮೊಳಗೇ ಚರ್ಚೆ ಆಯಿತು. ನನಗೆ ಕನ್ನಡ ಅಂಕಿ ಅಂದರೆ ಪ್ರೀತಿ. ಆದರೆ ಸಿಟಿ ಬಸ್ಸಿನ ನಂಬರು, ಫೋನ್ ನಂಬರು, ಔಷಧದ ಬೆಲೆ ಎಲ್ಲವನ್ನೂ ಎಲ್ಲ ಭಾಷೆಯವರೂ ಓದುವುದು 12 ಅಂತಲೇ. ನೋವಿನಲ್ಲಿರುವವರಿಗೆ ಒಂದು ಕ್ಷಣವೂ ತಡವರಿಸುವ ಹಾಗೆ ಆಗಬಾರದು. 12 ಅಂತಲೇ ಇಟ್ಟೆವು.

ಅಕ್ಷರದ ಕೆಲಸ

2024ರಲ್ಲಿ ರಾಜ್ಯದ ಕಾನೂನು ತಿದ್ದುಪಡಿಯಾಗಿ ಬೋರ್ಡಿನ 60% ಜಾಗ ಕನ್ನಡಕ್ಕೆ ಅಂತ ಆಯಿತು. ಕಾನೂನು ಇಲ್ಲದಿದ್ದರೂ ನಾವು ಹಾಗೇ ಮಾಡುತ್ತಿದ್ದೆವು. ಮೇಲೆ ಕನ್ನಡ, ಕೆಳಗೆ ಸಣ್ಣಗೆ ಇಂಗ್ಲಿಷ್. ಮಲಯಾಳಂ ಗೇಟು, ಚೀಟಿ ಮಾಡಿಸುವಲ್ಲಿ ಮತ್ತು ಮದ್ದಿನ ಕೌಂಟರಿನಲ್ಲಿ ಮಾತ್ರ. ಎಲ್ಲ ಕಡೆ ಮೂರು ಭಾಷೆ ಹಾಕಿದರೆ ಅಕ್ಷರ ಚಿಕ್ಕದಾಗಿ ಯಾರಿಗೂ ಉಪಯೋಗವಿಲ್ಲ. ತುಳು, ಕೊಂಕಣಿ, ಬ್ಯಾರಿ ಮಾತನಾಡುವವರಲ್ಲಿ ಹೆಚ್ಚಿನವರು ಇಲ್ಲಿ ಕನ್ನಡ ಓದುತ್ತಾರೆ. ಆದರೂ ಕಾಯುವ ಬೆಂಚುಗಳ ಮೇಲಿನ ಗೋಡೆಯಲ್ಲಿ ಕನ್ನಡ ಲಿಪಿಯಲ್ಲೇ ತುಳುವಿನಲ್ಲಿ 'ಮುಲ್ಪ ಕುಲ್ಲುಲೆ' ಅಂತ ಬರೆಸಿದೆವು. ಇಲ್ಲಿ ಕೂತುಕೊಳ್ಳಿ ಅಂತ. ಮನೆಯಲ್ಲಿ ಯಾರೋ ಹೇಳಿದ ಹಾಗೆ ಕೇಳುತ್ತದೆ ಅಂತ ಒಬ್ಬರು ಅಮ್ಮ ನನ್ನ ಹತ್ತಿರವೇ ಹೇಳಿದರು.

ಅಕ್ಷರದ ಎತ್ತರಕ್ಕೆ ಒಂದು ರೂಢಿಯ ಲೆಕ್ಕ ಇದೆ. ಏಳೆಂಟು ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಎತ್ತರದ ಅಕ್ಷರ. ಸುಮಾರು 23 ಮೀಟರಿನ ಕಾರಿಡಾರಿನ ತುದಿಯಿಂದ ಕಾಣಬೇಕಾದರೆ 75 ಮಿ.ಮೀ. ಆದರೆ ಇದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮಾಡಿದ ಲೆಕ್ಕ. ಕನ್ನಡದಲ್ಲಿ ಒತ್ತು ಕೆಳಗೆ ಹೋಗುತ್ತದೆ, ಗುಡಿಸು ಮೇಲೆ ಬರುತ್ತದೆ. ಒತ್ತು ಸೇರಿಸಿ 75 ಅಂತ ಅಳೆದರೆ ನಡುವಿನ ಮೂಲ ಅಕ್ಷರ ತೀರ ಪುಟ್ಟದಾಗುತ್ತದೆ. ಹಾಗಾಗಿ ಬರೀ 'ರ' ಅಕ್ಷರವನ್ನು 75ಕ್ಕೆ ಅಳೆದು, ಒತ್ತಿಗೆ ಬೇರೆಯಾಗಿ ಜಾಗ ಬಿಟ್ಟೆವು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಎಷ್ಟೋ ಜಾಸ್ತಿ ಜಾಗ ಬೇಕು. ಹಳೆಯ ಬೋರ್ಡಿನಲ್ಲಿ 'ಸ್ತ್ರೀರೋಗ' ಅಂತ ಇತ್ತು. 'ಸ್ತ್ರೀ'ಗೆ ಎರಡು ಒತ್ತು. ಕೆಳಗಿನ ಒತ್ತು ಬೋರ್ಡಿನ ಚೌಕಟ್ಟಿನೊಳಗೆ ಮುಚ್ಚಿಹೋಗಿ ಬರೀ 'ಸ್ತೀ' ಉಳಿದಿತ್ತು. ಇಷ್ಟು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ. ನಮ್ಮ ಭಾಷೆಯ ಅಕ್ಷರಕ್ಕೆ ಕೂರಲು ಜಾಗ ಕೊಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ, ನೋಡುವ ಕಣ್ಣು ಬೇಕು.

ಫಾಂಟಿಗೆ ಅನೆಕ್ ಕನ್ನಡ ಆರಿಸಿದೆವು. 2022ರಲ್ಲಿ ಬಂದದ್ದು, ಉಚಿತ, ಅದೇ ಕುಟುಂಬದಲ್ಲಿ ಮಲಯಾಳಂ ಮತ್ತು ಇಂಗ್ಲಿಷ್ ಕೂಡ ಇರುವುದರಿಂದ ಮೂರೂ ಒಂದೇ ಮನೆಯವರ ಹಾಗೆ ಕಾಣುತ್ತವೆ. ಅಗಲವನ್ನು ಕಡಿಮೆ ಜಾಸ್ತಿ ಮಾಡಬಹುದು, ಉದ್ದ ಪದವನ್ನು ಹಿಂಡಿ ಕುಗ್ಗಿಸುವ ಅಗತ್ಯ ಬರುವುದಿಲ್ಲ. ಈ ಕೆಲಸ ಮಾಡುವ ಗೆಳೆಯರಿಗೆ ಒಂದು ಮಾತು: ಪ್ರಿಂಟಿಗೆ ಕಳಿಸುವ ಮೊದಲು ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಬರೀ ಆಕಾರವಾಗಿ ಬದಲಿಸಿ. ಕೆಲವು ಅಂಗಡಿಗಳಲ್ಲಿ ಇನ್ನೂ ಯುನಿಕೋಡ್ ಬಾರದ ಹಳೆಯ ಸಾಫ್ಟ್‌ವೇರ್ ಇರುತ್ತದೆ, ಒತ್ತೆಲ್ಲ ಒಡೆದು ಚೂರಾಗಿ ಬರುತ್ತದೆ. ಕರ್ವ್ ಮಾಡಿದ ಮೇಲೂ ಪ್ರೂಫನ್ನು ಗಟ್ಟಿಯಾಗಿ ಓದಿ, ಒಬ್ಬರಲ್ಲ ಇಬ್ಬರು.

ಬಾಣದ ವಿಷಯ ಸ್ವಲ್ಪ ವಿಚಿತ್ರ. ತಲೆಯ ಮೇಲೆ ತೂಗುವ ಬೋರ್ಡಿನಲ್ಲಿ ಮೇಲ್ಮುಖದ ಬಾಣ ಅಂದರೆ 'ನೇರ ಹೋಗಿ' ಅಂತ ನಮ್ಮ ಲೆಕ್ಕ. ಗುಡ್ಡದ ಮೇಲಿನ ಈ ಕಟ್ಟಡದಲ್ಲಿ ಜನ ಅದನ್ನು ನೋಡಿ ಮಹಡಿ ಹತ್ತಿದರು. ಇದು ಗೊತ್ತಾದದ್ದು ಕಾಗದದ ಪರೀಕ್ಷೆಯಲ್ಲಿ. ಒಂದು ಬೋರ್ಡನ್ನೂ ಲೋಹದಲ್ಲಿ ಮಾಡಿಸುವ ಮೊದಲು ಎಲ್ಲವನ್ನೂ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಸೆಲ್ಲೋಟೇಪು ಅಂಟಿಸಿ ಒಂದು ವಾರ ಬಿಟ್ಟಿದ್ದೆವು. ಮೂರು ಸಲ ಬದಲಿಸಿದೆವು. ಕೊನೆಗೆ ಬಾಣದ ಜೊತೆ ಮಾತನ್ನೂ ಹಾಕಿದೆವು: 'ನೇರ ಹೋಗಿ'. ಮೆಟ್ಟಿಲು ಇರುವಲ್ಲಿ ಮೆಟ್ಟಿಲ ಚಿತ್ರ, 'ಇಳಿಯಿರಿ' ಅಥವಾ 'ಹತ್ತಿ'. ಮತ್ತೆ ತಿರುವು ದಾಟಿ ಹತ್ತು ಹೆಜ್ಜೆ ನಡೆದ ಮೇಲೆ ಗೋಡೆಯಲ್ಲಿ ಅದೇ ಬಾವಿಯ ಚಿತ್ರ, ಕೈಯಗಲದಷ್ಟು. ಬಾಣ ಇಲ್ಲ, ಅಕ್ಷರ ಇಲ್ಲ. 'ಇದುವೇ ಹೌದಾ' ಅನ್ನುವ ಪ್ರಶ್ನೆಗೆ ಅದು ಉತ್ತರ.

ಸೋತದ್ದು

ನೆಲದ ಮೇಲೆ ಬಣ್ಣದ ಗೆರೆ ಎಳೆದೆವು. ಹಲವು ಆಸ್ಪತ್ರೆಗಳಲ್ಲಿ ಇದೆ, ನೋಡಲು ಚೆಂದ. ಕೆಂಪು ಗೆರೆ ಹಿಡಿದು ಹೋಗಿ, ನೀಲಿ ಗೆರೆ ಹಿಡಿದು ಹೋಗಿ ಅಂತ. ಜೂನ್ ಬಂತು. ಕರಾವಳಿಯ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರುತ್ತದೆ, ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಬಾಗಿಲ ಹತ್ತಿರ ಗೋಣಿಚೀಲ ಹಾಸಿದರು, ಗೆರೆ ಅದರಡಿ ಹೋಯಿತು. ಕೆಂಪು ಮಣ್ಣಿನ ಹೆಜ್ಜೆ, ಗಂಟೆಗೊಮ್ಮೆ ಒರೆಸುವುದು, ಟ್ರಾಲಿಯ ಗಾಲಿ. ವಿನೈಲ್ ಅಂಚು ಎದ್ದು ಬಂತು. ಒಬ್ಬರ ಚಪ್ಪಲಿ ಅದಕ್ಕೆ ಸಿಕ್ಕಿಕೊಂಡಿತು, ಪುಣ್ಯಕ್ಕೆ ಬೀಳಲಿಲ್ಲ. ಅದೇ ಸಂಜೆ ಎಲ್ಲವನ್ನೂ ಕಿತ್ತೆವು. ಬಣ್ಣದ ಗುರುತು ಹಿಡಿಯಲು ಕಷ್ಟಪಡುವವರೂ ಇರುತ್ತಾರೆ ಅನ್ನುವುದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಬಣ್ಣ ಯಾವತ್ತೂ ಒಂಟಿಯಾಗಿ ಇರಬಾರದು, ಜೊತೆಗೆ ಚಿತ್ರವೋ ಅಂಕಿಯೋ ಬೇಕು.

ಹಸಿರು ಬಣ್ಣವನ್ನು ಮಾತ್ರ ಯಾವ ಕಟ್ಟಡಕ್ಕೂ ಕೊಡಲಿಲ್ಲ. ಅದು ಬೆಂಕಿ ಬಿದ್ದಾಗ ಹೊರಗೆ ಹೋಗುವ ದಾರಿಯದು. ಬಾಗಿಲ ಕಡೆ ಓಡುವ ಮನುಷ್ಯನ ಆ ಹಸಿರು ಚಿತ್ರ ಜಪಾನಿನ ಯುಕಿಯೊ ಓಟಾ ಮಾಡಿದ್ದು, ಈಗ ಲೋಕವೆಲ್ಲ ಬಳಸುತ್ತದೆ. ಅದರ ಜೊತೆ ಬೇರೇನೂ ಪೈಪೋಟಿ ಮಾಡಬಾರದು. ಹಾಗೆಯೇ ಗೇಟಿನ ಮೇಲಿದ್ದ ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ತೆಗೆಸಿದೆವು. ಅದು ಆಸ್ಪತ್ರೆಯ ಗುರುತಲ್ಲ, ರೆಡ್‌ಕ್ರಾಸ್‌ನದು. 1960ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಬಳಸುವ ಹಾಗಿಲ್ಲ.

ಗಾಲಿಕುರ್ಚಿಯ ದಾರಿ ಇನ್ನೂ ಪೂರ್ತಿ ಸರಿಯಾಗಿಲ್ಲ. ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು ಅನ್ನುವುದು ರ‍್ಯಾಂಪಿನ ಲೆಕ್ಕ. ಹಂಚಿನಿಂದ ಬಾವಿಗೆ ಹೋಗುವ ರ‍್ಯಾಂಪು ಅದಕ್ಕಿಂತ ಕಡಿದು. ಬೋರ್ಡು ಹಾಕಿ ಅದನ್ನು ಸರಿ ಮಾಡಲು ಆಗುವುದಿಲ್ಲ. ಸದ್ಯಕ್ಕೆ ಗೇಟಿನಲ್ಲೇ, ಅಂದರೆ ಅರ್ಧ ದಾರಿ ತಳ್ಳಿಕೊಂಡು ಹೋಗುವ ಮೊದಲೇ, ಗಾಲಿಕುರ್ಚಿಯವರಿಗೆ ಲಿಫ್ಟಿನ ದಾರಿ ತೋರಿಸಿದ್ದೇವೆ. ರ‍್ಯಾಂಪು ಒಡೆದು ಕಟ್ಟಬೇಕು ಅಂತ ಬರೆದು ಕೊಟ್ಟಿದ್ದೇನೆ, ಮತ್ತೆ ಮತ್ತೆ ಹೇಳುತ್ತೇನೆ.

ಮೊಳೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಸಮುದ್ರದ ಉಪ್ಪುಗಾಳಿಗೆ ಸಾದಾ ಸ್ಕ್ರೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು, ಬೋರ್ಡಿನ ಮೇಲೆ ಕಂದು ಗೆರೆ ಇಳಿಯುತ್ತದೆ. ಹೊರಗಿನ ಬೋರ್ಡಿಗೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿದೆವು. ಒಳಗೆ ಹೊಳಪಿಲ್ಲದ ಮ್ಯಾಟ್ ಬಣ್ಣ. ಹೊಳಪಿನ ಬೋರ್ಡಿನಲ್ಲಿ ಟ್ಯೂಬ್‌ಲೈಟ್ ಮಾತ್ರ ಕಾಣುತ್ತದೆ.

ಕಿಟಕಿ

ಅಜ್ಜಿ ನಿಂತ ಆ ಮೆಟ್ಟಿಲ ತಿರುವಿಗೆ ಬರುತ್ತೇನೆ. ಅಲ್ಲಿ ನಾವು ಎಷ್ಟು ಬೋರ್ಡು ಬದಲಿಸಿದರೂ ಜನ ನಿಂತು ಕೇಳುವುದು ನಿಲ್ಲಲಿಲ್ಲ. ಕಾಗದದ ವಾರದಲ್ಲಿ ನನ್ನ ಜೊತೆಯ ಹುಡುಗಿ ಒಂದು ಮಧ್ಯಾಹ್ನ ಇಡೀ ಅಲ್ಲೇ ಕೂತಳು. ಆಮೇಲೆ ಕೇಳಿದಳು: "ಅಕ್ಕಾ, ಈ ಕಪಾಟಿನ ಹಿಂದೆ ಎಂತ ಉಂಟು?"

ಗೋಡೆಗೆ ತಾಗಿ ಒಂದು ಕಬ್ಬಿಣದ ಕಪಾಟು, ಹಳೆಯ ಫೈಲುಗಳದ್ದು. ಅದರ ಮೇಲೆ ಆರೋಗ್ಯ ಶಿಬಿರದ ಫ್ಲೆಕ್ಸು. ಇಬ್ಬರು ಕೆಲಸದವರು ಬಂದು ಕಪಾಟು ಸರಿಸಿದರು. ಹಿಂದೆ ಕಿಟಕಿ. ನಾಲ್ಕಡಿ ಅಗಲದ್ದು, ಮರದ ಬಾಗಿಲು, ಅದಕ್ಕೆ ಮೊಳೆ ಹೊಡೆದಿದ್ದರು. ಮೊಳೆ ಕಿತ್ತು ತೆರೆದಾಗ ಬಿಸಿಲು ಒಳಗೆ ಬಿತ್ತು, ಕೆಳಗೆ ಅಂಗಳ, ಅಂಗಳದ ನಡುವೆ ಬಾವಿ. ಅದರಾಚೆ ಓಪಿಯ ಬಾಗಿಲು, ಒಳಗೆ ಹೋಗುವ ಜನ, ಎಲ್ಲವೂ ಕಾಣುತ್ತಿತ್ತು. ಗ್ರಿಲ್ಲು ತೊಳೆದು ಬಣ್ಣ ಹೊಡೆದದ್ದು, ಗಾಜು ಹಾಕಿದ್ದು ಬಿಟ್ಟರೆ ಖರ್ಚೇ ಇಲ್ಲ. ಕಿಟಕಿಯ ಕೆಳಗೆ ಒಂದು ಬೆಂಚು ಇಟ್ಟೆವು.

ಆ ಗೋಡೆಯಲ್ಲಿ ಮೊದಲು 11 ಬೋರ್ಡುಗಳಿದ್ದವು. ಈಗ ಎರಡು. ಆಡಳಿತದವರಿಗೆ ಅಲ್ಲಿ ಯಕ್ಷಗಾನದ ವೇಷ, ಕಂಬಳದ ಕೋಣಗಳ ದೊಡ್ಡ ಚಿತ್ರ ಬರೆಸುವ ಆಸೆ ಇತ್ತು. ಯಕ್ಷಗಾನದ ಕಿರೀಟದ ಎದುರು ಬಾಣವನ್ನು ಯಾರು ನೋಡುತ್ತಾರೆ? ಆ ಚಿತ್ರ ಕ್ಯಾಂಟೀನಿಗೆ ಹೋಯಿತು. ಎರಡು ಗಂಟೆ ಕಾಯುವವರು ಅಲ್ಲಿ ಕೂತು ಅದನ್ನು ಬೇಕಾದಷ್ಟು ಹೊತ್ತು ನೋಡಬಹುದು.

ಆರು ತಿಂಗಳ ಮೇಲೆ ಮತ್ತೆ ಅದೇ ನೋಟುಬುಕ್ಕು ಕೇಳಿದೆವು. ಗೀಟುಗಳು ಇವೆ, ಆದರೆ ಪ್ರಶ್ನೆಗಳು ಬೇರೆ. 'ಡಾಕ್ಟ್ರು ಬಂದ್ರಾ', 'ರಿಪೋರ್ಟ್ ಎಷ್ಟೊತ್ತಿಗೆ ಸಿಗ್ತದೆ', 'ಊಟ ಆಯ್ತಾ ಅಣ್ಣ'. ದಾರಿ ಕೇಳಿದ್ದು ತುಂಬ ಕಡಿಮೆ, ಅದೂ ಹೆಚ್ಚಾಗಿ ಸಂಜೆಯ ಮೇಲೆ. ಯಾಕೆ ಸಂಜೆ ಅಂತ ತಿಳಿಯಲು ಒಂದು ರಾತ್ರಿ ಎಂಟೂವರೆಗೆ ಹೋಗಿ ಆ ಬೆಂಚಿನ ಮೇಲೆ ಕೂತೆ. ಕಿಟಕಿಯ ಗಾಜಿನಲ್ಲಿ ನನ್ನ ಮುಖವೇ ಕಂಡಿತು. ಹೊರಗೆ ಕಪ್ಪು. ಅಂಗಳದಲ್ಲಿ ದೀಪ ಇರಲಿಲ್ಲ, ಬಾವಿ ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಚೀಟಿಯ ಮೇಲೆ ಬಾವಿಯ ಸ್ಟಾಂಪು ಹಿಡಿದ ಒಬ್ಬ ಗಂಡಸು ಬಂದು, ಕಿಟಕಿ ನೋಡಿ, ನನ್ನನ್ನು ನೋಡಿ, "ಬಾವಿ ಈಚೆಯಾ ಆಚೆಯಾ ಅಕ್ಕಾ?" ಅಂತ ಕೇಳಿದರು. ಅವರನ್ನು ಕರೆದುಕೊಂಡು ಹೋಗಿ 12ರ ಬಾಗಿಲಲ್ಲಿ ಬಿಟ್ಟು ಬಂದೆ.

ಬಾವಿಯ ಕಟ್ಟೆಯ ಸುತ್ತ ಹಾಕಲು ನಾಲ್ಕು ದೀಪ ತಂದಿಟ್ಟಿದ್ದೇವೆ. ವಯರು ನೆಲದಡಿ ಹೋಗಬೇಕು, ಈಗ ಅಂಗಳ ಅಗೆದರೆ ನೀರು ನಿಲ್ಲುತ್ತದೆ. ಮಳೆ ಬಿಟ್ಟ ಕೂಡಲೇ ಬರುತ್ತೇನೆ ಅಂತ ಎಲೆಕ್ಟ್ರೀಷಿಯನ್ ಹೇಳಿದ್ದಾರೆ. ಅಲ್ಲಿಯವರೆಗೆ ಸೆಕ್ಯುರಿಟಿ ಅಣ್ಣ ಸಂಜೆ ಆರಕ್ಕೆ ತಮ್ಮ ಕುರ್ಚಿಯನ್ನು ಮೆಟ್ಟಿಲ ಬುಡದಿಂದ ಎತ್ತಿ ಕಿಟಕಿಯ ಪಕ್ಕ ಹಾಕಿಕೊಳ್ಳುತ್ತಾರೆ.